ಕ್ಯಾಮ್‌ಶಾಫ್ಟ್ ಬದಲಿಸಿದ ಮೇಲೂ ನಿಲ್ಲದ ಟ್ಯಾಪೆಟ್ ಸದ್ದು: ಬೋಟ್ ಎಂಜಿನ್ನಿನಲ್ಲಿ ದೋಷ ಹುಡುಕುವ ಕ್ರಮ

ಕಾರವಾರದ ಬೈತಖೋಲ ಬಂದರಿನಲ್ಲಿ ಎಂಜಿನ್ ಬಿಚ್ಚುವ ಕೆಲಸಕ್ಕೆ ಒಂದು ಋತುವೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಹೆಡ್ ಇಳಿಸುವುದು, ವಾಲ್ವ್ ಉಜ್ಜುವುದು, ಸವೆದ ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಸುವ ಉಬ್ಬುಗಳಿರುವ ದಂಡ) ತೆಗೆದು ಬೇರೆಯದನ್ನು ಕೂರಿಸುವುದು ಎಲ್ಲವೂ ಬೋಟು ದಡ ಹಿಡಿದಿರುವ ಆ ಎರಡು ತಿಂಗಳ ಮಳೆಯಲ್ಲಿಯೇ ಮುಗಿಯಬೇಕು. ಆಗಸ್ಟ್ ಮೊದಲ ವಾರದಲ್ಲಿ ನನ್ನ ಬಳಿಗೆ ಬರುವ ದೂರುಗಳಲ್ಲಿ ಒಂದು ಮಾತ್ರ ವರ್ಷವೂ ತಪ್ಪದು: ಕ್ಯಾಮ್ ಬದಲಾಯಿಸಿದ್ದಾಯಿತು, ಟ್ಯಾಪೆಟ್ ಅಡ್ಜಸ್ಟ್ ಮಾಡಿದ್ದಾಯಿತು, ಆದರೂ ಟಕಟಕ ಸದ್ದು ನಿಂತಿಲ್ಲ, ಇಲ್ಲವೇ ನಿಂತ ಸದ್ದು ಎರಡು ದಿನಕ್ಕೆ ಮರಳಿ ಬಂದಿದೆ.

ಆ ಸದ್ದಿನ ಮೂಲವನ್ನು ಹುಡುಕುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತೊಂದಿದೆ. ಸದ್ದು ಕೇಳಿದೊಡನೆ ಸ್ಕ್ರೂಡ್ರೈವರ್ ಹಿಡಿದು ರಾಕರ್‌ಗೂ ವಾಲ್ವಿಗೂ ನಡುವಿನ ಗ್ಯಾಪ್ ಸರಿಪಡಿಸಿದರೆ ದೋಷ ಉಳಿಯುತ್ತದೆ, ದೋಷದ ಗುರುತು ಮಾತ್ರ ಅಳಿಸಿಹೋಗುತ್ತದೆ. ಯಾವ ವಾಲ್ವಿನ ಗ್ಯಾಪ್ ಎಷ್ಟಿತ್ತು, ಅದು ಹಿಗ್ಗಿತ್ತೋ ಕುಗ್ಗಿತ್ತೋ ಎಂಬುದೇ ಎಂಜಿನ್ ನಮಗೆ ಕೊಡುವ ಸಾಕ್ಷಿ. ಆದ್ದರಿಂದ ಹನ್ನೆರಡೂ ವಾಲ್ವುಗಳ ಗ್ಯಾಪ್ ಅಳೆದು ಕಾಗದದ ಮೇಲೆ ಬರೆಯುವವರೆಗೆ ಒಂದು ಲಾಕ್‌ನಟ್ಟನ್ನೂ ಸಡಿಲಿಸಬಾರದು.

ಇಲ್ಲಿನ ವಿವರಣೆ ನಮ್ಮ ಟ್ರಾಲ್ ಬೋಟುಗಳಲ್ಲಿ ಸಾಮಾನ್ಯವಾಗಿ ಕಾಣುವ ಆರು ಸಿಲಿಂಡರಿನ, ಸಿಲಿಂಡರಿಗೆ ಎರಡರಂತೆ ಹನ್ನೆರಡು ವಾಲ್ವಿನ ಡೀಸೆಲ್ ಎಂಜಿನ್ನಿಗೆ, ಅಂದರೆ ಲಾರಿಯ ಎಂಜಿನ್ನನ್ನೇ ಕಡಲಿಗೆ ಒಗ್ಗಿಸಿದ ಬಗೆಗೆ ಸಂಬಂಧಿಸಿದ್ದು. ಅದರಲ್ಲಿ ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗಿರುತ್ತದೆ. ಕ್ಯಾಮಿನ ಮೇಲೆ ಕೂರುವ ಟ್ಯಾಪೆಟ್, ಅದರ ಮೇಲೆ ನಿಲ್ಲುವ ಪುಶ್‌ರಾಡ್, ವಾಲ್ವಿನ ತಲೆಯನ್ನು ಒತ್ತುವ ರಾಕರ್ ಈ ಮೂರರ ಮೂಲಕ ವಾಲ್ವ್ ತೆರೆಯುತ್ತದೆ. ಬಿಸಿಯಾದಾಗ ವಾಲ್ವಿನ ಕಾಂಡ ಉದ್ದವಾಗುವುದರಿಂದ ಅದಕ್ಕೆ ಜಾಗ ಬಿಡಲೆಂದು ರಾಕರ್ ತುದಿಗೂ ವಾಲ್ವಿನ ತಲೆಗೂ ನಡುವೆ ಗ್ಯಾಪ್ ಇಡುತ್ತಾರೆ. ಎಕ್ಸಾಸ್ಟ್ ವಾಲ್ವ್ ಹೆಚ್ಚು ಕಾಯುವುದರಿಂದ ಬಹುತೇಕ ಎಂಜಿನ್ನುಗಳಲ್ಲಿ ಅದಕ್ಕೆ ಗ್ಯಾಪ್ ಹೆಚ್ಚು. ಮುಂದೆ ಲೆಕ್ಕಕ್ಕಾಗಿ ಇನ್‌ಲೆಟ್‌ಗೆ 0.30 ಮಿ.ಮೀ., ಎಕ್ಸಾಸ್ಟಿಗೆ 0.50 ಮಿ.ಮೀ. ಎಂದು ಹಿಡಿದಿದ್ದೇನೆ. ನಿಮ್ಮ ಎಂಜಿನ್ನಿನ ಅಂಕಿಯನ್ನು ಅದರ ಕೈಪಿಡಿಯಿಂದಲೋ ರಾಕರ್ ಕವರ್ ಮೇಲಿನ ತಗಡಿನಿಂದಲೋ ತೆಗೆದುಕೊಳ್ಳಬೇಕು. ಪಕ್ಕದ ಬೋಟಿನವರ ಅಂಕಿ ನಿಮ್ಮ ಎಂಜಿನ್ನಿಗೆ ಹೊಂದುತ್ತದೆ ಎಂದು ನಂಬಬಾರದು.

ಸದ್ದು ವಾಲ್ವಿನದೇ?

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಐಡಲ್ (ಹೊರೆಯಿಲ್ಲದ ನಿಧಾನ ಓಟ) ನಿಮಿಷಕ್ಕೆ 700 ಸುತ್ತಿದ್ದರೆ ಒಂದು ವಾಲ್ವ್ ನಿಮಿಷಕ್ಕೆ 350 ಬಾರಿ, ಸೆಕೆಂಡಿಗೆ ಸುಮಾರು ಆರು ಬಾರಿ ಬಡಿಯುತ್ತದೆ. ತೊಂದರೆಯೆಂದರೆ ಒಂದು ಇಂಜೆಕ್ಟರ್ ಡೀಸೆಲ್ ಸಿಡಿಸುವುದೂ ಅದೇ ವೇಗದಲ್ಲಿ. ಹೀಗಾಗಿ ಕಿವಿಯೊಂದನ್ನೇ ನಂಬಿ ತೀರ್ಮಾನಿಸುವವರು ಎಷ್ಟೋ ಬಾರಿ ನಾಝಲ್ ಸದ್ದಿಗೆ ಟ್ಯಾಪೆಟ್ ಬಿಚ್ಚಿ ಕೂರುತ್ತಾರೆ. ಎಂಜಿನ್ ಐಡಲಿನಲ್ಲಿರುವಾಗ ಒಂದೊಂದೇ ಸಿಲಿಂಡರಿನ ಇಂಜೆಕ್ಟರ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ನೋಡಿದರೆ ಈ ಗೊಂದಲ ತೀರುತ್ತದೆ. ಡೀಸೆಲ್ ಹೊರಗೆ ಸುರಿದು ಆ ಸಿಲಿಂಡರ್ ಉರಿಯುವುದು ನಿಂತಾಗ ಸದ್ದೂ ನಿಂತರೆ ಅದು ನಾಝಲ್‌ನದೋ ದಹನದ್ದೋ ಸದ್ದು. ಡೀಸೆಲ್ ತಪ್ಪಿದರೂ ಟಕಟಕ ಹಾಗೆಯೇ ಉಳಿದರೆ ಅದು ವಾಲ್ವಿನ ಕಡೆಯದು. ನಟ್ ಸಡಿಲಿಸುವಾಗ ದಪ್ಪ ಬಟ್ಟೆ ಸುತ್ತಿರಬೇಕು, ಬೆರಳನ್ನು ಧಾರೆಗೆ ಅಡ್ಡ ಒಡ್ಡಲೇಬಾರದು. ಆ ಒತ್ತಡದ ಡೀಸೆಲ್ ಚರ್ಮದೊಳಗೆ ಹೊಕ್ಕರೆ ಬೆರಳನ್ನೇ ಕಳೆದುಕೊಳ್ಳುವ ಪ್ರಸಂಗ ಬರುತ್ತದೆ; ಗಾಯ ಚಿಕ್ಕದೆಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸ್ಕ್ರೂ ಮುಟ್ಟದೆ ಅಳೆಯುವುದು

ಗ್ಯಾಪ್ ತಣ್ಣಗಿನ ಎಂಜಿನ್ನಿನದೋ ಬಿಸಿಯ ಎಂಜಿನ್ನಿನದೋ ಎಂಬುದನ್ನು ಕೈಪಿಡಿ ಹೇಳಿರುತ್ತದೆ. ತಣ್ಣಗೆ ಎಂದಿದ್ದರೆ ರಾತ್ರಿಯಿಡೀ ನಿಂತ ಎಂಜಿನ್ ಎಂದೇ ಅರ್ಥ. ಮಧ್ಯಾಹ್ನ ನಿಲ್ಲಿಸಿ ಚಹಾ ಕುಡಿದು ಬರುವಷ್ಟರಲ್ಲಿ ಅಷ್ಟು ದೊಡ್ಡ ಬ್ಲಾಕ್ ತಣ್ಣಗಾಗುವುದಿಲ್ಲ. ಬ್ಯಾಟರಿಯ ತಂತಿ ಬಿಚ್ಚಿ, ಸ್ಟಾಪ್ ಲಿವರ್ ಎಳೆದು ಕಟ್ಟಿ, ಎಂಜಿನ್ ಮನೆಯಲ್ಲಿ ಕೈ ಒಳಗಿರುವಾಗ ಮೇಲೆ ಇನ್ನೊಬ್ಬರು ಸ್ವಿಚ್ ತಿರುಗಿಸದಂತೆ ಬೋಟು ನಡೆಸುವ ತಾಂಡೇಲನಿಗೆ ತಿಳಿಸಿಯೇ ಕವರ್ ತೆಗೆಯಬೇಕು.

ಗ್ಯಾಪ್ ಅಳೆಯುವ ತೆಳು ಅಲಗುಗಳ ಕಟ್ಟಾದ ಫೀಲರ್ ಗೇಜಿನ ವಿಷಯದಲ್ಲಿ ನಮ್ಮ ಕಡೆಗೆ ವಿಶೇಷ ಎಚ್ಚರ ಬೇಕು. ಉಪ್ಪುಗಾಳಿಗೆ ಅದರ ಅಲಗುಗಳು ಬಲುಬೇಗ ತುಕ್ಕು ಹಿಡಿಯುತ್ತವೆ. ತುಕ್ಕಿನ ಪದರು ಕೂತ 0.30ರ ಅಲಗು ತನ್ನ ಅಂಕಿಗಿಂತ ದಪ್ಪವಾಗಿರುತ್ತದೆ. ಅದನ್ನು ಉಜ್ಜಿ ಉಜ್ಜಿ ಹೊಳಪು ಮಾಡಿದವರ ಅಲಗು ತೆಳುವಾಗಿರುತ್ತದೆ. ನಾನು ಪ್ರತಿ ವರ್ಷ ಜೂನ್‌ನಲ್ಲಿ ಅಲಗುಗಳನ್ನು ಮೈಕ್ರೋಮೀಟರಿನಲ್ಲಿ ಅಳೆದು, ಸುಳ್ಳು ಹೇಳುವವನ್ನು ಮುರಿದು ಎಸೆದು, ಉಳಿದವಕ್ಕೆ ಎಣ್ಣೆ ಸವರಿ ಡಬ್ಬಿಯಲ್ಲಿ ಇಡುತ್ತೇನೆ.

ಕ್ರ್ಯಾಂಕನ್ನು ಎಂಜಿನ್ ತಿರುಗುವ ದಿಕ್ಕಿನಲ್ಲಿಯೇ ಕೈಯಿಂದ ತಿರುಗಿಸಬೇಕು. ಹಿಂದಕ್ಕೆ ತಿರುಗಿಸಿದರೆ ಗೇರುಗಳ ನಡುವಿನ ಸಡಿಲು ಅಳತೆಯೊಳಗೆ ಸೇರಿಕೊಳ್ಳುತ್ತದೆ, ಕಡಲ ನೀರಿನ ಪಂಪಿನಲ್ಲಿ ರಬ್ಬರ್ ಇಂಪೆಲ್ಲರ್ ಇದ್ದರೆ ಅದರ ಎಸಳುಗಳೂ ತಿರುಚಿಕೊಳ್ಳುತ್ತವೆ. 1-5-3-6-2-4 ಕ್ರಮದಲ್ಲಿ ಉರಿಯುವ ಎಂಜಿನ್ನಿನಲ್ಲಿ 1 ಮತ್ತು 6, 2 ಮತ್ತು 5, 3 ಮತ್ತು 4 ಜೋಡಿ ಸಿಲಿಂಡರುಗಳು; ಯಾವ ಜೋಡಿಯನ್ನು ಕೂಡಿದರೂ ಏಳು ಬರುತ್ತದೆ ಎಂದು ನೆನಪಿಟ್ಟರೆ ಸಾಕು. ಆರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತ ಇನ್‌ಲೆಟ್ ತೆರೆಯಲು ತೊಡಗುವ ಗಳಿಗೆಯಲ್ಲಿ, ಅಂದರೆ ಎರಡೂ ರಾಕರ್‌ಗಳು ತಕ್ಕಡಿಯಂತೆ ತೂಗುವಾಗ, ಒಂದನೆಯ ಸಿಲಿಂಡರಿನ ಎರಡೂ ಟ್ಯಾಪೆಟ್‌ಗಳು ಕ್ಯಾಮಿನ ಉಬ್ಬಿನಿಂದ ದೂರ, ಅದರ ದುಂಡು ಭಾಗದ ಮೇಲೆ ಕೂತಿರುತ್ತವೆ. ಆಗ ಒಂದನೆಯದನ್ನು ಅಳೆಯಬೇಕು. ಅಲ್ಲಿಂದ 120 ಡಿಗ್ರಿ ಮುಂದೆ ತಿರುಗಿಸಿದರೆ 2ನೆಯದು ತೂಗುತ್ತದೆ, 5ನ್ನು ಅಳೆಯಬೇಕು. ಹೀಗೆ 4 ತೂಗುವಾಗ 3, 1 ತೂಗುವಾಗ 6, 5 ತೂಗುವಾಗ 2, 3 ತೂಗುವಾಗ 4. ಕ್ರ್ಯಾಂಕಿನ ಎರಡು ಪೂರ್ತಿ ಸುತ್ತಿನಲ್ಲಿ ಹನ್ನೆರಡು ಅಂಕಿಗಳು ಕೈಗೆ ಬರುತ್ತವೆ.

ರಾಕರ್‌ಗಳನ್ನು ಕೈಯಲ್ಲಿ ಅಲ್ಲಾಡಿಸಿ, ಎರಡೂ ಸಡಿಲವಾಗಿ ಕಂಡರೆ ಅದೇ ಅಳೆಯುವ ಸ್ಥಾನ ಎಂದು ಹಿಡಿಯುವ ಅಭ್ಯಾಸ ಇಲ್ಲಿ ಹಲವರಿಗಿದೆ. ಗ್ಯಾಪ್ ಸರಿಯಿದ್ದ ಎಂಜಿನ್ನಿನಲ್ಲಿ ಅದು ನಡೆದೀತು. ಗ್ಯಾಪೇ ತಪ್ಪಿರುವ ಎಂಜಿನ್ನಿನಲ್ಲಿ ಮಾತ್ರ ಅದು ದಾರಿ ತಪ್ಪಿಸುತ್ತದೆ, ಏಕೆಂದರೆ ಗ್ಯಾಪ್ ಅತಿಯಾಗಿದ್ದರೆ ಟ್ಯಾಪೆಟ್ ಉಬ್ಬನ್ನು ಏರಲು ತೊಡಗಿದ ಮೇಲೂ ರಾಕರ್ ಸಡಿಲವಾಗಿಯೇ ಇರುತ್ತದೆ.

ಅಂಕಿಗಳನ್ನು ಓದುವುದು

ಹನ್ನೆರಡರಲ್ಲಿ ಒಂದೆರಡು ಮಾತ್ರ ತಪ್ಪಿವೆಯೋ, ಎಲ್ಲವೂ ಒಂದೇ ಕಡೆಗೆ ಸರಿದಿವೆಯೋ ಎಂಬುದು ಮೊದಲ ಪ್ರಶ್ನೆ. ಹೆಡ್ ಇಳಿಸಿ ಮತ್ತೆ ಕೂರಿಸಿದ ಎಂಜಿನ್ನಿನಲ್ಲಿ ಎಲ್ಲ ಗ್ಯಾಪ್‌ಗಳೂ ಸ್ವಲ್ಪಸ್ವಲ್ಪ ಕುಗ್ಗಿದ್ದರೆ ಗಾಬರಿ ಬೇಡ. ಬಿಸಿಗೆ ಗ್ಯಾಸ್ಕೆಟ್ ಅದುಮಿಕೊಂಡು ಹೆಡ್ ಕೂದಲೆಳೆಯಷ್ಟು ಕೆಳಗಿಳಿದಿರುತ್ತದೆ. ಪುಶ್‌ರಾಡ್ ಅಷ್ಟೇ ಉದ್ದವಿರುವುದರಿಂದ ಗ್ಯಾಪ್ ಕಡಿಮೆಯಾಗುತ್ತದೆ. ಕೈಪಿಡಿ ಹೇಳಿದಂತೆ ಹೆಡ್ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ ಮರುಬಿಗಿ ಮಾಡಿ, ಅದಾದ ಮೇಲೆ ಗ್ಯಾಪ್ ಇಟ್ಟರೆ ಸರಿಹೋಗುತ್ತದೆ. ಮೊದಲು ಗ್ಯಾಪ್ ಇಟ್ಟು ಆಮೇಲೆ ಬೋಲ್ಟ್ ಬಿಗಿದವರು ಎರಡು ಸಲ ಕೆಲಸ ಮಾಡಬೇಕಾಗುತ್ತದೆ.

ಒಂದೇ ವಾಲ್ವಿನ ಗ್ಯಾಪ್ ವಿಪರೀತ ಹೆಚ್ಚಿದ್ದರೆ ಪುಶ್‌ರಾಡನ್ನು ಮೊದಲು ಸಂಶಯಿಸಬೇಕು. ತೆಗೆದು ದಪ್ಪ ಗಾಜಿನ ಮೇಲೆ ಉರುಳಿಸಿದರೆ ಬಾಗಿದ ರಾಡ್ ಕುಂಟುತ್ತ ಉರುಳುತ್ತದೆ. ಕೆಲವೊಮ್ಮೆ ಜೋಡಿಸುವಾಗ ಪುಶ್‌ರಾಡಿನ ಬುಡ ಟ್ಯಾಪೆಟ್ಟಿನ ಗುಳಿಯೊಳಗೆ ಇಳಿಯದೆ ಅಂಚಿನ ಮೇಲೆ ನಿಂತಿರುತ್ತದೆ. ಹಾಗೆ ನಿಂತಿರುವಾಗಲೇ ಗ್ಯಾಪ್ ಇಟ್ಟು ಎಂಜಿನ್ ಚಾಲೂ ಮಾಡಿದರೆ ರಾಡ್ ಒಳಕ್ಕೆ ಜಾರಿ, ಕ್ಷಣದಲ್ಲಿ ಗ್ಯಾಪ್ ಹಲವು ಮಿಲಿಮೀಟರ್ ಆಗುತ್ತದೆ. ರಾಕರ್ ಶಾಫ್ಟ್ ಬಿಗಿಯುವ ಮೊದಲು ಪ್ರತಿ ರಾಡನ್ನೂ ಬೆರಳಲ್ಲಿ ಮೇಲೆತ್ತಿ ನೋಡಬೇಕು. ಗುಳಿಯಲ್ಲಿ ಕೂತ ರಾಡ್ ಎಣ್ಣೆಯ ಹಿಡಿತಕ್ಕೆ ಟ್ಯಾಪೆಟ್ಟನ್ನೂ ತುಸು ಎಳೆದುಕೊಂಡೇ ಏಳುತ್ತದೆ, ಆ ಎಳೆತ ಬೆರಳಿಗೆ ತಿಳಿಯುತ್ತದೆ.

ಗ್ಯಾಪ್ ಅಲಗಿಗೆ ಸರಿಯಾಗಿಯೇ ತೋರಿಸಿ, ಸದ್ದು ಮಾತ್ರ ಬಿಡದಿದ್ದರೆ ರಾಕರ್ ತುದಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಹಳೆಯ ರಾಕರ್‌ನ ತುದಿಯಲ್ಲಿ ವಾಲ್ವಿನ ತಲೆ ಕೂತು ಕೂತು ಉಗುರಿನಷ್ಟು ಅಗಲದ ಕುಳಿ ಬಿದ್ದಿರುತ್ತದೆ. ಚಪ್ಪಟೆ ಅಲಗು ಆ ಕುಳಿಯ ಮೇಲೆ ಸೇತುವೆಯಂತೆ ಹಾಯ್ದು ನಿಲ್ಲುತ್ತದೆ, ಕುಳಿ 0.15 ಮಿ.ಮೀ. ಆಳವಿದ್ದರೆ ನೀವು 0.50 ಎಂದು ಇಟ್ಟದ್ದು ನಿಜದಲ್ಲಿ 0.65 ಆಗಿರುತ್ತದೆ. ಡಯಲ್ ಗೇಜಿನ ಮುಳ್ಳನ್ನು ರಾಕರ್‌ನ ವಾಲ್ವ್ ಕಡೆಯ ತುದಿಗೆ ಆನಿಸಿ, ರಾಕರನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿದಾಗ ಮುಳ್ಳು ಎಷ್ಟು ಓಡುತ್ತದೆಯೋ ಅದೇ ನಿಜವಾದ ಗ್ಯಾಪ್.

ಸ್ಕ್ರೂ ಕೆಳಗಿನವರೆಗೂ ಇಳಿದರೂ ಗ್ಯಾಪ್ ಹೆಚ್ಚೇ ಉಳಿಯುತ್ತದೆ ಎಂದಾದರೆ ಕೂರಿಸಿದ ಕ್ಯಾಮ್ ಮರುಗ್ರೈಂಡ್ ಮಾಡಿದ್ದಿರಬಹುದು. ಸವೆದ ಉಬ್ಬಿಗೆ ಮತ್ತೆ ಆಕಾರ ಕೊಡಲು ಸುತ್ತಲೂ ಅರೆಯುವುದರಿಂದ ದುಂಡು ಭಾಗವೂ ಚಿಕ್ಕದಾಗುತ್ತದೆ. ಅದರ ತ್ರಿಜ್ಯ 0.8 ಮಿ.ಮೀ. ಕಡಿಮೆಯಾದರೆ ಟ್ಯಾಪೆಟ್ಟೂ ಪುಶ್‌ರಾಡೂ ಅಷ್ಟೇ ಕೆಳಗೆ ಕೂರುತ್ತವೆ. ಹಾಗೆ ಅರೆದ ಕ್ಯಾಮ್ ಕೆಟ್ಟದ್ದೇನಲ್ಲ. ಆದರೆ ಅದು ಹಾಗಿದೆ ಎಂದು ಗೊತ್ತಿರಬೇಕು, ತಕ್ಕ ಉದ್ದದ ಪುಶ್‌ರಾಡ್ ಹಾಕಬೇಕು.

ಇನ್ನೊಂದು ಸೂಕ್ಷ್ಮ ವಿಷಯವನ್ನು ಅನುಭವಸ್ಥರೂ ಮರೆಯುತ್ತಾರೆ. ಗ್ಯಾಪನ್ನು ಅಳೆಯುವುದು ಕ್ಯಾಮಿನ ದುಂಡು ಭಾಗದ ಮೇಲೆ. ಉಬ್ಬಿನ ಮೂಗು ಸವೆದರೆ ಗ್ಯಾಪಿನಲ್ಲಿ ಅದು ಕಾಣಿಸುವುದೇ ಇಲ್ಲ. ಟ್ಯಾಪೆಟ್ಟಿನ ತಳ ಸವೆದರೆ ಮಾತ್ರ ಗ್ಯಾಪ್ ಹಿಗ್ಗುತ್ತದೆ. ಮೂಗನ್ನು ಪರೀಕ್ಷಿಸಲು ಪುಶ್‌ರಾಡಿನ ತಲೆಯ ಮೇಲೆ ಡಯಲ್ ಗೇಜ್ ನಿಲ್ಲಿಸಿ, ಎರಡು ಸುತ್ತು ತಿರುಗಿಸಿ, ರಾಡ್ ಎಷ್ಟು ಏರಿತೆಂದು ಬರೆಯಬೇಕು. ಆರು ಎಕ್ಸಾಸ್ಟಿನ ಏರಿಕೆಗಳನ್ನು ಒಂದಕ್ಕೊಂದು ಹೋಲಿಸಿದರೆ ಸವೆದದ್ದು ತಾನಾಗಿಯೇ ಬೇರೆಯಾಗಿ ಕಾಣುತ್ತದೆ.

ದಿನವೂ ಹಿಗ್ಗುವ ಐದನೆಯ ಎಕ್ಸಾಸ್ಟ್

ಒಮ್ಮೆ ಒಂದು ಟ್ರಾಲ್ ಬೋಟಿನ ತಾಂಡೇಲ ಬೆಳಗಿನ ಜಾವ ಬಂದು, "ಮೇಸ್ತ್ರಿ, ನಿನ್ನೆ ಸರಿ ಮಾಡಿದ್ದೇ ಇವತ್ತು ಮತ್ತೆ ಬಡೀತಾ ಇದೆ, ಒಂದೇ ಜಾಗದಲ್ಲಿ" ಎಂದ. ಜುಲೈ ಕೊನೆಗೆ ಕ್ಯಾಮ್ ಬದಲಿಸಿದ್ದರು. ಹೊಸ ಕ್ಯಾಮ್ ಬಂದಿತ್ತು, ಆದರೆ ಮಳೆಗೆ ಘಟ್ಟದ ದಾರಿ ಮುಚ್ಚಿ ಹುಬ್ಬಳ್ಳಿಯಿಂದ ಟ್ಯಾಪೆಟ್‌ಗಳು ಬರುವುದು ತಡವಾದ್ದರಿಂದ, ಆಗಸ್ಟ್ 1 ಹತ್ತಿರವಾಯಿತೆಂದು ಹಳೆಯವನ್ನೇ ತೊಳೆದು ಹಾಕಿದ್ದರು.

ಐದನೆಯ ಎಕ್ಸಾಸ್ಟಿನ ಗ್ಯಾಪ್ 0.66 ಇತ್ತು. ಹಿಂದಿನ ದಿನ ಅದನ್ನು 0.50ಕ್ಕೆ ಇಟ್ಟಿದ್ದು ನಿಜವೆಂದು ಅವರ ಹುಡುಗ ಚೀಟಿ ತೋರಿಸಿದ. ನಾನು ಮತ್ತೆ 0.50ಕ್ಕೆ ಇಟ್ಟು, ಐದನೆಯ ಸಿಲಿಂಡರಿನ ಎರಡೂ ಪುಶ್‌ರಾಡ್‌ಗಳ ತಲೆಯ ಹತ್ತಿರ ಬಿಳಿ ಬಣ್ಣದ ಒಂದೊಂದು ಚುಕ್ಕೆ ಇಟ್ಟು, ಕವರ್ ಇಲ್ಲದೆ ಐಡಲಿನಲ್ಲಿ ಎಂಜಿನ್ ಓಡಿಸಿ ಟಾರ್ಚ್ ಹಿಡಿದು ನೋಡಿದೆ. ಇನ್‌ಲೆಟ್ ರಾಡಿನ ಚುಕ್ಕೆ ಮೇಲೆ ಕೆಳಗೆ ಕುಣಿಯುತ್ತಲೇ ನಿಧಾನವಾಗಿ ಸುತ್ತು ಹೊಡೆದು ಕಣ್ಣಿಂದ ಮರೆಯಾಗಿ ಮತ್ತೆ ಎದುರಿಗೆ ಬಂತು. ಎಕ್ಸಾಸ್ಟ್ ರಾಡಿನ ಚುಕ್ಕೆ ನನ್ನನ್ನೇ ನೋಡುತ್ತ ಅದೇ ಜಾಗದಲ್ಲಿ ಮೇಲೆ ಕೆಳಗೆ ಆಡುತ್ತಿತ್ತು.

ದೋಷ ಆ ಚುಕ್ಕೆಯಲ್ಲಿತ್ತು. ಇಂಥ ಟ್ಯಾಪೆಟ್ಟಿನ ತಳ ಕಣ್ಣಿಗೆ ಚಪ್ಪಟೆಯಾಗಿ ಕಂಡರೂ ಅತ್ಯಲ್ಪ ಉಬ್ಬಿರುತ್ತದೆ, ಕ್ಯಾಮಿನ ಮೈಯೂ ಅತ್ಯಲ್ಪ ಓರೆಯಾಗಿ ಅರೆದಿರುತ್ತದೆ. ಎರಡೂ ಸೇರಿ ಟ್ಯಾಪೆಟ್ಟನ್ನು ಪ್ರತಿ ಬಡಿತಕ್ಕೂ ಕೊಂಚ ಕೊಂಚ ತಿರುಗಿಸುತ್ತವೆ, ಸವೆತ ಒಂದೇ ಗೆರೆಯ ಮೇಲೆ ಬೀಳದೆ ತಳದ ತುಂಬ ಹರಡುತ್ತದೆ. ಹಳೆಯ ಟ್ಯಾಪೆಟ್ ಹಳೆಯ ಕ್ಯಾಮಿನ ಜೊತೆ ಸವೆದು ತಗ್ಗಾಗಿರುತ್ತದೆ. ಅದನ್ನು ಹೊಸ ಕ್ಯಾಮಿನ ಮೇಲೆ ಕೂರಿಸಿದರೆ ತಿರುಗುವುದು ನಿಂತು, ಅಂಚು ಅಂಚಿಗೆ ಉಜ್ಜಿ ಎರಡನ್ನೂ ತಿನ್ನುತ್ತದೆ. ಇನ್ನೊಂದು ದಿನ ಓಡಿದ ಮೇಲೆ ಗ್ಯಾಪ್ 0.64ಕ್ಕೆ ಹಿಗ್ಗಿತು. ಎರಡು ದಿನಕ್ಕೆ ಒಟ್ಟು 0.30 ಮಿ.ಮೀ.; ರಾಕರ್‌ನ ಅನುಪಾತ 1.5 (ಪುಶ್‌ರಾಡ್ 1 ಮಿ.ಮೀ. ಸರಿದರೆ ವಾಲ್ವಿನ ಕಡೆ 1.5 ಮಿ.ಮೀ.) ಇದ್ದುದರಿಂದ ಟ್ಯಾಪೆಟ್ಟಿನ ತಳದಿಂದ 0.20 ಮಿ.ಮೀ. ಲೋಹ ಹೋಗಿತ್ತು. ಪುಶ್‌ರಾಡಿನ ಏರಿಕೆ ಬೇರೆ ಐದರಲ್ಲಿ 7.6ರ ಆಸುಪಾಸಿದ್ದರೆ ಇದರಲ್ಲಿ 7.1. ಆಯಿಲ್ ಫಿಲ್ಟರ್ ಕೊಯ್ದು ಮಡಿಕೆಗಳ ಮೇಲೆ ಅಯಸ್ಕಾಂತ ಆಡಿಸಿದಾಗ ಕಪ್ಪು ಗಸಿಯಂಥ ಪುಡಿ ಮೆತ್ತಿಕೊಂಡಿತು.

ಒಂದು ವಾರ ಹಳೆಯದೂ ಆಗದ ಕ್ಯಾಮನ್ನು ತೆಗೆದು ಮತ್ತೊಂದನ್ನು ಹಾಕುವುದು ಅವರಿಗೆ ಬಹಳ ನೋವಿನ ಮಾತಾಗಿತ್ತು, ಆ ಮಾತನ್ನು ಹೇಳುವುದು ನನಗೂ. ಬೇರೆ ದಾರಿಯಿರಲಿಲ್ಲ. ಕ್ಯಾಮ್ ಬದಲಿಸಿದರೆ ಹನ್ನೆರಡೂ ಟ್ಯಾಪೆಟ್ ಬದಲಿಸಬೇಕು. ಹಳೆಯ ಕ್ಯಾಮಿಗೆ ಹೊಸ ಟ್ಯಾಪೆಟ್ ಹಾಕಬಹುದು. ಹೊಸ ಕ್ಯಾಮಿಗೆ ಹಳೆಯ ಟ್ಯಾಪೆಟ್ ಎಂದೂ ಕೂಡದು.

ಗ್ಯಾಪ್ ಕುಗ್ಗುವುದು

ಹಿಗ್ಗಿದ ಗ್ಯಾಪ್ ಸದ್ದು ಮಾಡಿ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಕುಗ್ಗಿದ ಗ್ಯಾಪ್ ಮೌನವಾಗಿರುತ್ತದೆ, ಹಾನಿ ಮಾತ್ರ ಹೆಚ್ಚು ಮಾಡುತ್ತದೆ. ವಾಲ್ವ್ ತನ್ನ ಸೀಟಿನ ಮೇಲೆ ಕೂತಾಗಲೇ ಅದರ ಬಿಸಿ ಹೆಡ್ಡಿಗೆ ಇಳಿಯುವುದು. ಕೂರಲು ಬಿಡದಿದ್ದರೆ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟುಹೋಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ತಡ, ಬಿಳಿ ಹೊಗೆ, ಏರ್ ಕ್ಲೀನರಿನಿಂದ ಫುಸ್ ಫುಸ್ ಎಂಬ ಉಸಿರು, ಒಂದು ಸಿಲಿಂಡರ್ ಕೆಲಸ ಮಾಡದಂಥ ಕುಂಟು ಓಟ ಇವು ಅದರ ಲಕ್ಷಣಗಳು.

ಇದನ್ನು ಖಚಿತಪಡಿಸಲು ಆ ಸಿಲಿಂಡರನ್ನು ಕಂಪ್ರೆಷನ್ನಿನ ಟಿಡಿಸಿಗೆ (ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ತುತ್ತತುದಿಗೆ ಬಂದ ಸ್ಥಾನಕ್ಕೆ) ತಂದು, ಇಂಜೆಕ್ಟರ್ ತೂತಿನ ಮೂಲಕ ಗಾಳಿ ತುಂಬಿ ಕಿವಿಗೊಡಬೇಕು. ಪಿಸ್ಟನ್ ಸರಿಯಾಗಿ ಮೇಲಿಲ್ಲದಿದ್ದರೆ ಗಾಳಿಯ ಒತ್ತಡಕ್ಕೆ ಕ್ರ್ಯಾಂಕ್ ಸುತ್ತಿಬಿಡುತ್ತದೆ, ಆದ್ದರಿಂದ ಫ್ಲೈವೀಲಿನಲ್ಲಿ ಸಿಕ್ಕಿಸಿದ ಬಾರನ್ನು ತೆಗೆದಿರಬೇಕು. ಇನ್‌ಟೇಕ್ ಕಡೆ ಸುಯ್ಗುಟ್ಟಿದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರ್ ಕಡೆಯಾದರೆ ಎಕ್ಸಾಸ್ಟ್, ಎಣ್ಣೆ ಹಾಕುವ ಬಾಯಿಯಲ್ಲಾದರೆ ಪಿಸ್ಟನ್ ರಿಂಗ್. ಅದೇ ಸ್ಥಿತಿಯಲ್ಲಿ ಆ ಸಿಲಿಂಡರಿನ ಎರಡೂ ಸ್ಕ್ರೂಗಳನ್ನು ಪೂರ್ತಿ ಸಡಿಲಿಸಿ ಮತ್ತೆ ಗಾಳಿ ಬಿಡಬೇಕು. ಸೋರಿಕೆ ನಿಂತರೆ ತಪ್ಪು ಗ್ಯಾಪಿನದು. ಸಡಿಲಿಸಿದ ಮೇಲೂ ಸೋರಿದರೆ ವಾಲ್ವ್ ಅಥವಾ ಸೀಟ್ ಕೆಟ್ಟಿದೆ, ಹೆಡ್ ಇಳಿಸಲೇಬೇಕು. ಇಟ್ಟ ಗ್ಯಾಪ್ ವಾರ ವಾರಕ್ಕೂ ಕುಗ್ಗುತ್ತಲೇ ಇದ್ದರೆ ವಾಲ್ವ್ ಸೀಟಿನೊಳಗೆ ಇಳಿಯುತ್ತಿದೆ ಎಂದೇ ತಿಳಿಯಬೇಕು. ಅದಕ್ಕೆ ಕ್ಯಾಮ್ ಕಾರಣವಲ್ಲ.

ಎಲ್ಲ ಸಿಲಿಂಡರುಗಳಲ್ಲೂ ಒಂದೇ ದೋಷ ಕಂಡರೆ ಟೈಮಿಂಗ್ ಗೇರ್ ನೋಡಬೇಕು. ಕ್ರ್ಯಾಂಕ್ ಗೇರಿಗೆ 28, ಕ್ಯಾಮ್ ಗೇರಿಗೆ 56 ಹಲ್ಲಿದ್ದರೆ ಒಂದು ಹಲ್ಲು ತಪ್ಪಿದಾಗ ಕ್ರ್ಯಾಂಕಿನ ಲೆಕ್ಕದಲ್ಲಿ ಸುಮಾರು 13 ಡಿಗ್ರಿ ಹೆಚ್ಚುಕಡಿಮೆಯಾಗುತ್ತದೆ. ಅಷ್ಟಕ್ಕೇ ಪಿಸ್ಟನ್ ವಾಲ್ವಿಗೆ ತಾಗಿ ಪುಶ್‌ರಾಡ್ ಬಾಗಬಹುದು, ಆದ್ದರಿಂದ ಗೇರ್ ಬಿಚ್ಚಿದ ಎಂಜಿನ್ನನ್ನು ಮೊದಲು ಕೈಯಿಂದ ಎರಡು ಸುತ್ತು ತಿರುಗಿಸದೆ ಸ್ಟಾರ್ಟರ್ ಮುಟ್ಟಬಾರದು. ನಡುವೆ ಐಡ್ಲರ್ ಗೇರ್ ಇರುವಲ್ಲಿ ಎರಡು ಸುತ್ತಾದ ಮೇಲೆ ಗುರುತುಗಳು ಒಂದಕ್ಕೊಂದು ಎದುರಾಗದಿರುವುದು ಸಹಜ. ಅದರ ಹಲ್ಲಿನ ಲೆಕ್ಕ ಬೇರೆಯಿರುವುದರಿಂದ ಗುರುತುಗಳು ಕೂಡಿಬರಲು ಹಲವು ಸುತ್ತು ಬೇಕು. ಇದನ್ನು ತಿಳಿಯದೆ ಸರಿಯಿದ್ದ ಗೇರನ್ನು ಬಿಚ್ಚಿ ಕೆಡಿಸಿದವರಿದ್ದಾರೆ.

ಗ್ಯಾಪ್ ಇಡುವುದು, ಮೊದಲ ಓಟ

ಕಾರಣ ಸಿಕ್ಕ ಮೇಲೆ ಗ್ಯಾಪ್ ಇಡುವುದು ಸಣ್ಣ ಕೆಲಸ. ಸ್ಕ್ರೂವಿನ ಪಿಚ್ 1 ಮಿ.ಮೀ., ರಾಕರ್ ಅನುಪಾತ 1.5 ಇದ್ದರೆ ಒಂದು ಪೂರ್ತಿ ಸುತ್ತಿಗೆ ವಾಲ್ವಿನ ಕಡೆ ಗ್ಯಾಪ್ 1.5 ಮಿ.ಮೀ. ಬದಲಾಗುತ್ತದೆ, 0.10 ಸರಿಪಡಿಸಲು 24 ಡಿಗ್ರಿ, ಅಂದರೆ ಗಡಿಯಾರದ ಮುಳ್ಳು ನಾಲ್ಕು ನಿಮಿಷ ಸರಿದಷ್ಟು ತಿರುಗಿಸಿದರೆ ಸಾಕು. ಲಾಕ್‌ನಟ್ ಬಿಗಿಯುವಾಗ ಸ್ಕ್ರೂವಿನ ಮರೆಯ (ಥ್ರೆಡ್ಡಿನ) ಸಡಿಲು ಎಳೆದುಕೊಂಡು ಗ್ಯಾಪ್ ಬದಲಾಗುವುದರಿಂದ ಬಿಗಿದ ಮೇಲೆ ಮತ್ತೆ ಅಳೆಯಬೇಕು: 0.50ರ ಅಲಗು ಬೆಣ್ಣೆಯಲ್ಲಿ ಎಳೆದಂತೆ ಸ್ವಲ್ಪ ಹಿಡಿದು ಬರಬೇಕು, 0.55ರದ್ದು ಹೋಗಬಾರದು.

ಹೊಸ ಕ್ಯಾಮ್ ಮತ್ತು ಟ್ಯಾಪೆಟ್‌ಗಳಿಗೆ ಜೋಡಿಸುವಾಗಲೇ ಅಸೆಂಬ್ಲಿ ಪೇಸ್ಟ್ ಹಚ್ಚಿರಬೇಕು. ಮೊದಲ ಸ್ಟಾರ್ಟಿನ ನಂತರ ಎಂಜಿನ್ನನ್ನು ಐಡಲಿನಲ್ಲಿ ಬಿಡಬಾರದು. ಕ್ಯಾಮಿಗೆ ಎಣ್ಣೆ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ಎರಚುವ ಹನಿಗಳಿಂದ, ಐಡಲಿನಲ್ಲಿ ಅದು ಕಡಿಮೆ. ಸ್ಪ್ರಿಂಗಿನ ಒತ್ತಡವೂ ಕ್ಯಾಮಿನ ಮೂಗಿನ ಮೇಲೆ ಅತಿ ಹೆಚ್ಚು ಬೀಳುವುದು ನಿಧಾನ ಓಟದಲ್ಲಿಯೇ. ತಯಾರಕರು ಬೇರೆ ಹೇಳಿರದಿದ್ದರೆ 1500 ಸುತ್ತಿನ ಆಸುಪಾಸಿನಲ್ಲಿ, ಸ್ವಲ್ಪ ಹೆಚ್ಚುಕಡಿಮೆ ಮಾಡುತ್ತ, ಇಪ್ಪತ್ತು ನಿಮಿಷ ಓಡಿಸಬೇಕು. ಆ ಇಪ್ಪತ್ತು ನಿಮಿಷ ಕೂಲಿಂಗ್ ನೀರಿನ ಬಿಸಿ ಮತ್ತು ಎಣ್ಣೆಯ ಒತ್ತಡದ ಮೇಲೆ ಒಬ್ಬರ ಕಣ್ಣಿರಬೇಕು.

ಆಮೇಲೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಿ, ಹಳೆಯ ಫಿಲ್ಟರನ್ನು ಕೊಯ್ದು ನೋಡಿ, ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಹನ್ನೆರಡೂ ಗ್ಯಾಪ್ ಅಳೆಯಬೇಕು. ಮೊದಲ ಮೀನುಗಾರಿಕೆ ಮುಗಿಸಿ ಬಂದರಿಗೆ ಮರಳಿದ ಮೇಲೆ ಇನ್ನೊಮ್ಮೆ. ಆ ಐದನೆಯ ಎಕ್ಸಾಸ್ಟಿನ ಬೋಟಿನಲ್ಲಿ, ಹೊಸ ಕ್ಯಾಮ್ ಮತ್ತು ಹನ್ನೆರಡು ಹೊಸ ಟ್ಯಾಪೆಟ್‌ಗಳೊಂದಿಗೆ, ಮೂರನೆಯ ಅಳತೆಗೂ ಆ ಗ್ಯಾಪ್ 0.50ರಲ್ಲೇ ನಿಂತಿತ್ತು, ಎಂಜಿನ್ ಮನೆಯ ಹಲಗೆಯ ಒಳಮೈಗೆ ಅವರು ಸುಣ್ಣದ ಕಡ್ಡಿಯಲ್ಲಿ ಬರೆದಿಟ್ಟ ಹನ್ನೆರಡು ಅಂಕಿಗಳನ್ನು ಈಗಲೂ ಪ್ರತಿ ಜೂನ್‌ನಲ್ಲಿ ಹೊಸ ಅಳತೆಯೊಂದಿಗೆ ಹೋಲಿಸಿ ನೋಡುತ್ತೇವೆ.